ಹಳದಿ ಔಷಧಿ



ಪಾರ್ಶ್ವವಾಯು ಎಂದೊಡನೆ ತಮ್ಮ ಕಣ್ಣ ಮುಂದೆ ಯಾವ ಚಿತ್ರ ಬರುತ್ತದೆ? ನನಗಂತೂ ನಮ್ಮೂರಿನ ಜಗಲಿಗಳ ಮೇಲೆ ಒಂದು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುತ್ತಿದ್ದ ಹಿರಿಯರೇ ನೆನಪಾಗುತ್ತಿದ್ದರು. ಲಕ್ವ ಹೊಡೆಯುವುದು ಅರವತ್ತು ದಾಟಿದವರಿಗೆ, ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಇದ್ದವರಿಗೆ ಎಂಬುದು ನನ್ನ ತಿಳಿವಳಿಕೆಯಾಗಿತ್ತು. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು ನಾನು; ಮಿದುಳಿನ ಬಲಭಾಗವು ದೇಹದ ಎಡಭಾಗವನ್ನು ಆಳುತ್ತದೆ ಎಂದು ಕರಿಹಲಗೆಯ ಮೇಲೆ ಅದೆಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ 2022ರ ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ, ಬೆಂಗಳೂರಿನ ಒಂದು ಬಾಡಿಗೆ ಕೋಣೆಯಲ್ಲಿ, ಹನ್ನೊಂದು ವರ್ಷದ ನನ್ನ ಮೊಮ್ಮಗಳ ಎಡಗೈಯಿಂದ ರಾಗಿ ಗಂಜಿಯ ಲೋಟ ಜಾರಿ ನೆಲಕ್ಕೆ ಬಿದ್ದಾಗ, ಆ ಪಾಠದ ಒಂದು ವಾಕ್ಯವೂ ನನ್ನ ನೆರವಿಗೆ ಬರಲಿಲ್ಲ.

"ತಾತಾ, ಕೈ ನನ್ನ ಮಾತು ಕೇಳ್ತಿಲ್ಲ" ಎಂದಳು.

"ಕೈ ಮೇಲೆ ಮಲಗಿದ್ದೀಯ ಕಂದಾ, ಜೋಮು ಹಿಡಿದಿದೆ ಅಷ್ಟೇ" ಎಂದೆ. ಅದು ಸುಳ್ಳೆಂಬುದು ಹೇಳುವಾಗಲೇ ನನಗೆ ಗೊತ್ತಿತ್ತು. ಅವಳ ತುಟಿಯ ಒಂದು ಕೊನೆ ಅದಾಗಲೇ ಕೆಳಗೆ ಇಳಿದಿತ್ತು. ಎದ್ದು ನಿಲ್ಲಿಸಲು ಹೋದರೆ ಎಡಗಾಲು ಮಡಿಸಿತು. ನನ್ನ ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಆಟೊ ನಿಲ್ದಾಣದತ್ತ ಓಡಿದಳು. ನಾನು ಆಸ್ಪತ್ರೆಯ ಕಡತವನ್ನು ಎದೆಗವಚಿಕೊಂಡು ಹಿಂದೆ ಓಡಿದೆ.

ಆ ವರ್ಷದ ಜುಲೈನಲ್ಲಿ ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ ಎಂಬುದು ಅದರ ಪೂರ್ಣ ಹೆಸರು. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು. ಜ್ವರ, ಮೈಮೇಲೆ ನೀಲಿ ಕಲೆಗಳು, ಊರಿನಿಂದ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ಬೆಂಗಳೂರಿಗೆ ಓಟ. ಇಂಥ ಕಥೆಯನ್ನು ತಮ್ಮಲ್ಲಿ ಕೆಲವರು ಸ್ವತಃ ಬಲ್ಲಿರಿ, ಆದುದರಿಂದ ವಿಸ್ತರಿಸುವುದಿಲ್ಲ. ಮೊದಲ ತಿಂಗಳ ಚಿಕಿತ್ಸೆಗೆ ರೋಗ ಮಣಿದಿತ್ತು. ಮುಂದಿನ ಘಟ್ಟದಲ್ಲಿ ಮೆಥೋಟ್ರೆಕ್ಸೇಟ್ ಎಂಬ ಔಷಧಿಯನ್ನು ಆಗಾಗ ಬೆನ್ನುಮೂಳೆಯ ಸಂದಿಯಿಂದ ನೇರವಾಗಿ ಮಿದುಳುಬಳ್ಳಿಯ ದ್ರವದೊಳಕ್ಕೆ ಕೊಡುತ್ತಿದ್ದರು. ಅದರ ಬಣ್ಣ ಹಳದಿ. ವಾರ್ಡಿನ ಮಕ್ಕಳೆಲ್ಲ ಅದನ್ನು 'ಹಳದಿ ಔಷಧಿ' ಎಂದೇ ಕರೆಯುತ್ತಿದ್ದರು. ಮಗು ಮೊಣಕಾಲುಗಳನ್ನು ಎದೆಗೆ ತಂದುಕೊಂಡು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಪಕ್ಕಕ್ಕೆ ಮಲಗಬೇಕು. ಸೂಜಿ ತೆಗೆದ ಮೇಲೆ ಸ್ವಲ್ಪ ಹೊತ್ತು ಅಲುಗದೆ ಮಲಗಿರಬೇಕು. ಲೋಟ ಬಿದ್ದ ಆ ಬೆಳಿಗ್ಗೆಗೆ ಹತ್ತು ದಿನ ಮುಂಚೆ ಅಂಥ ಒಂದು ಸೂಜಿ ಆಗಿತ್ತು.

ಆಸ್ಪತ್ರೆಯಲ್ಲಿ ಅವಳನ್ನು ಮೊದಲು ಕೊಂಡೊಯ್ದದ್ದು ಎಂ.ಆರ್.ಐ. ಕೋಣೆಗೆ. ಇಷ್ಟು ಅವಸರವೇಕೆ ಎಂಬುದು ನನಗೆ ಆಮೇಲೆ ತಿಳಿಯಿತು. ಇದೇ ರೋಗಕ್ಕೆ ಕೊಡುವ ಆಸ್ಪರಾಜಿನೇಸ್ ಎಂಬ ಇನ್ನೊಂದು ಔಷಧಿ ರಕ್ತ ಹೆಪ್ಪುಗಟ್ಟುವ ಕ್ರಮವನ್ನೇ ಏರುಪೇರು ಮಾಡುತ್ತದೆ. ಅದರಿಂದ ಮಿದುಳಿನ ರಕ್ತನಾಳದಲ್ಲಿ ಗರಣೆ ಕಟ್ಟಿಕೊಂಡರೂ ಹೀಗೆಯೇ ಕೈಕಾಲು ಬೀಳಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ. ಹೊರಗಿನ ಲಕ್ಷಣ ಒಂದೇ, ಒಳಗಿನ ಕಾರಣ ಎರಡು. ಹೀಗಾಗಿ ಇಂಥ ಚಿಕಿತ್ಸೆಯಲ್ಲಿರುವ ಮಗುವಿನ ಮುಖ ಸೊಟ್ಟಗಾದರೆ, ಮಾತು ತೊದಲಿದರೆ, 'ಸಂಜೆಯವರೆಗೆ ನೋಡೋಣ' ಎಂದು ಮನೆಯಲ್ಲಿ ಕಾಯುವಂತಿಲ್ಲ. ಓದುಗರು ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬಾರದೆಂದು ನನ್ನ ಕೋರಿಕೆ.

ಚಿತ್ರಗಳಲ್ಲಿ ರಕ್ತನಾಳಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಮಿದುಳಿನ ಒಳಗಿನ ಬಿಳಿಯ ಭಾಗದಲ್ಲಿ, ಅಂದರೆ ನರಕೋಶಗಳ ತಂತುಗಳು ಕಟ್ಟುಕಟ್ಟಾಗಿ ಹಾದುಹೋಗುವ ಜಾಗದಲ್ಲಿ, ಒಂದು ಮಚ್ಚೆ ಹೊಳೆಯುತ್ತಿತ್ತು. ಅದು ಯಾವುದೇ ಒಂದು ರಕ್ತನಾಳದ ಸರಹದ್ದಿಗೆ ಹೊಂದಿಕೊಳ್ಳುತ್ತಿರಲಿಲ್ಲ. "ಇದು ಮೆಥೋಟ್ರೆಕ್ಸೇಟಿನ ಕೆಲಸ ಇರಬೇಕು" ಎಂದರು ಡಾಕ್ಟರಮ್ಮ. ಮರುದಿನ ನಡೆದದ್ದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಎಡಗೈ ಚೇತರಿಸಿಕೊಂಡು ಬೆರಳುಗಳು ಆಡತೊಡಗಿದುವು ಎಂದು ನಾವು ಸಂತೋಷಪಡುವಷ್ಟರಲ್ಲಿ ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಕಣ್ಣು ಬಿಟ್ಟುಕೊಂಡು ನಮ್ಮನ್ನು ನೋಡುತ್ತಾಳೆ, ತುಟಿ ಅಲುಗುತ್ತದೆ, ಶಬ್ದ ಬರುವುದಿಲ್ಲ. ನನ್ನ ಮಗಳು ಗೋಡೆಗೆ ಒರಗಿ ಕುಸಿದಳು. ಆದರೆ ಡಾಕ್ಟರಮ್ಮನ ಮುಖದಲ್ಲಿ ಒಂದು ಬಗೆಯ ನಿರಾಳತೆ ಕಂಡು ನನಗೆ ಸಿಟ್ಟೇ ಬಂದಿತು. ಹೀಗೆ ಒಮ್ಮೆ ಎಡ, ಒಮ್ಮೆ ಬಲ ಎಂದು ಪಕ್ಕ ಬದಲಿಸುವುದು ಈ ಔಷಧಿಯ ಬಾಧೆಯ ಗುರುತುಗಳಲ್ಲಿ ಒಂದು, ಹಾಗಾಗಿ ತಮ್ಮ ಊಹೆ ಬಲಪಟ್ಟಿತು ಎಂದು ಅವರು ವಿವರಿಸಿದ ಮೇಲೆಯೇ ನಾನು ಸಮಾಧಾನಗೊಂಡದ್ದು. ಮೂರನೆಯ ದಿನ ಮಧ್ಯಾಹ್ನ ಅವಳು "ನೀರು" ಎಂದಳು. ವಾರದೊಳಗೆ ವಾರ್ಡಿನ ಉದ್ದಕ್ಕೂ ತಾನೇ ನಡೆದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಡಿಸ್ಚಾರ್ಜಿನ ದಿನ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು, "ಮುಂದಿನ ಒಂದು ಸಲ ಬೇರೆ ಔಷಧಿ ಕೊಡುತ್ತೇವೆ. ಆಮೇಲೆ ಪುನಃ ಮೆಥೋಟ್ರೆಕ್ಸೇಟನ್ನೇ ಕೊಡಬೇಕೆಂದಿದ್ದೇವೆ" ಎಂದರು. ಅಳಿಯ ಕುರ್ಚಿಯಿಂದ ಎದ್ದುಬಿಟ್ಟರು. ಮಗಳು, "ನನ್ನ ಮಗುವನ್ನು ಮೂಕಿಯನ್ನಾಗಿ ಮಾಡಿದ ವಿಷವನ್ನು ಮತ್ತೆ ಬೆನ್ನಿಗೆ ಚುಚ್ಚಲು ನಾನು ಸಹಿ ಹಾಕುವುದಿಲ್ಲ" ಎಂದಳು. ಊರಿಗೆ ಮರಳಿದರೆ ಭಾನುವಾರ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿಯೂ ಅದೇ ಮಾತು. ಒಬ್ಬರಿಗೆ ಗೊತ್ತಿದ್ದ ನಾಟಿ ವೈದ್ಯರು, ಇನ್ನೊಬ್ಬರಿಗೆ ಗೊತ್ತಿದ್ದ ಸೊಪ್ಪಿನ ರಸ. ಎಲ್ಲರೂ ಪ್ರೀತಿಯಿಂದಲೇ ಹೇಳಿದರು, ಅದರಲ್ಲಿ ಸಂಶಯವಿಲ್ಲ. ಪ್ರೀತಿಯಿಂದ ಕೊಟ್ಟ ತಪ್ಪು ಸಲಹೆಯನ್ನು ನಿರಾಕರಿಸುವುದು ಎಷ್ಟು ಕಷ್ಟವೆಂಬುದನ್ನು ಆ ಒಂದು ತಿಂಗಳು ನಾವು ಅನುಭವಿಸಿದೆವು. ನಮ್ಮ ಧರ್ಮಕೇಂದ್ರದ ಗುರುಗಳು ಮಾತ್ರ ಯಾವ ಸಲಹೆಯನ್ನೂ ಕೊಡದೆ, "ಡಾಕ್ಟರು ಹೇಳಿದ್ದನ್ನು ಮೇಷ್ಟ್ರು ಒಮ್ಮೆ ಸರಿಯಾಗಿ ಓದಿ ನೋಡಿ" ಎಂದರು. ಡಾಕ್ಟರಮ್ಮ ಕೆಲವು ಸಂಶೋಧನಾ ಲೇಖನಗಳ ಪ್ರತಿಗಳನ್ನು ನನ್ನ ಕೈಗೆ ಕೊಟ್ಟಿದ್ದರು. ನಿಘಂಟು ಪಕ್ಕದಲ್ಲಿಟ್ಟುಕೊಂಡು, ಹಳೆಯ ವಿದ್ಯಾರ್ಥಿಯೊಬ್ಬನನ್ನು ದೂರವಾಣಿಯಲ್ಲಿ ಪೀಡಿಸುತ್ತ, ಹತ್ತು ರಾತ್ರಿ ಓದಿದೆ.

ಈ ಔಷಧಿಯ ಹಿಂದೆ ನಮ್ಮ ದೇಶದ ನೆರಳಿದೆಯೆಂದು ನನಗೆ ತಿಳಿದದ್ದು ಆಗಲೇ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿ, ಯೀಸ್ಟಿನ ಸಾರದಲ್ಲಿ ಅದನ್ನು ಗುಣಪಡಿಸುವ ವಸ್ತುವೊಂದಿದೆ ಎಂದು ಕಂಡುಕೊಂಡರು. ಅದೇ ಮುಂದೆ ಫೋಲಿಕ್ ಆಮ್ಲವೆಂಬ ಹೆಸರು ಪಡೆಯಿತು. ನಮ್ಮ ಗರ್ಭಿಣಿಯರು ಇಂದು ನುಂಗುವ ಮಾತ್ರೆಯಲ್ಲಿರುವುದು ಅದೇ. 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇದೇ ವೇಳೆ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್, ಲ್ಯುಕೇಮಿಯದ ಮಕ್ಕಳಿಗೆ ಫೋಲಿಕ್ ಆಮ್ಲದ ರೂಪಗಳನ್ನು ಕೊಟ್ಟು ನೋಡಿದಾಗ ರೋಗ ಇನ್ನೂ ರಭಸವಾಗಿ ಹಬ್ಬಿದಂತೆ ಕಂಡಿತು. ಹಾಗಾದರೆ ಅದರ ವಿರೋಧಿ ವಸ್ತುವನ್ನು ಕೊಟ್ಟರೆ? ಸುಬ್ಬರಾವ್ ಅವರ ತಂಡ ಆ ವಿರೋಧಿಗಳನ್ನು ತಯಾರಿಸಿ ಕಳುಹಿಸಿತು. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ ಅಮೈನಾಪ್ಟೆರಿನ್ ಪಡೆದ 16 ಮಕ್ಕಳಲ್ಲಿ 10 ಮಕ್ಕಳು ಸುಧಾರಿಸಿದ್ದರು, ತಾತ್ಕಾಲಿಕವಾಗಿಯಾದರೂ. ಅಲ್ಲಿಯವರೆಗೆ ಅಂಥ ಮಕ್ಕಳಿಗೆ ಮಾಡಲು ಏನೂ ಇರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು, ವಯಸ್ಸು 53. ಅಮೈನಾಪ್ಟೆರಿನ್ನಿನ ತಮ್ಮನೇ ಮೆಥೋಟ್ರೆಕ್ಸೇಟ್. ನಾನು ಮೂವತ್ತೆರಡು ವರ್ಷ ಪಾಠ ಮಾಡಿದೆ, ಆ ಮನುಷ್ಯನ ಹೆಸರನ್ನು ಒಮ್ಮೆಯೂ ಹೇಳಲಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲವೆನ್ನಿ.

ಔಷಧಿ ಕೆಲಸ ಮಾಡುವ ರೀತಿ ಸರಳ. ವೇಗವಾಗಿ ಇಮ್ಮಡಿಸುವ ಜೀವಕೋಶಕ್ಕೆ ಫೋಲಿಕ್ ಆಮ್ಲ ಬೇಕೇ ಬೇಕು. ಮೆಥೋಟ್ರೆಕ್ಸೇಟ್ ರೂಪದಲ್ಲಿ ಅದರಂತೆಯೇ ಇದ್ದು, ಅದನ್ನು ಬಳಕೆಗೆ ತರುವ ಕಿಣ್ವದೊಳಗೆ ಹೊಕ್ಕು, ಬೀಗದಲ್ಲಿ ಸಿಕ್ಕಿಕೊಂಡ ಬೇರೆ ಕೀಲಿಕೈಯಂತೆ ಕುಳಿತುಬಿಡುತ್ತದೆ. ಕ್ಯಾನ್ಸರ್ ಕೋಶ ಹಸಿದು ಸಾಯುತ್ತದೆ.

ಹಾಗಾದರೆ ಬೆನ್ನಿಗೇ ಏಕೆ ಚುಚ್ಚಬೇಕು? ನನ್ನ ಮಗಳ ಪ್ರಶ್ನೆಯೂ ಇದೇ ಆಗಿತ್ತು. ರಕ್ತದಲ್ಲಿ ಹರಿಯುವ ಹೆಚ್ಚಿನ ಔಷಧಿಗಳು ಮಿದುಳಿನ ಸುತ್ತಲಿನ ತಡೆಯನ್ನು ಸುಲಭವಾಗಿ ದಾಟಲಾರವು. ರೋಗದ ಕೋಶಗಳು ಅಲ್ಲಿ ಅಡಗಿ ಕುಳಿತು, ಎಲ್ಲವೂ ಸರಿಹೋಯಿತು ಎನ್ನುವಾಗ ಮರಳಿ ಬರುತ್ತವೆ. ಈ ಅಡಗುದಾಣವನ್ನು ಮೊದಲೇ ಶುದ್ಧಗೊಳಿಸದಿದ್ದ ಕಾಲದಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ರೋಗ ಮಿದುಳಿನಲ್ಲಿ ಮರುಕಳಿಸುತ್ತಿತ್ತು. ಅಮೆರಿಕದ ಮೆಂಫಿಸ್ ನಗರದಲ್ಲಿ 1962ರಲ್ಲಿ ತೆರೆದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯ ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್ ಇದಕ್ಕೆ ಕೈಹಾಕಿದರು. (ನಮ್ಮಲ್ಲಿ ಅನೇಕರು ನೊವೇನ ಸಲ್ಲಿಸುವ ಅದೇ ಸಂತ ಜೂಡರ ಹೆಸರು. ಡ್ಯಾನಿ ಥಾಮಸ್ ಎಂಬ ಹಾಸ್ಯನಟ, ಕೆಲಸವಿಲ್ಲದೆ ಅಲೆಯುತ್ತಿದ್ದ ದಿನಗಳಲ್ಲಿ ಸಂತರಿಗೆ ಹೊತ್ತ ಹರಕೆಯ ಫಲವಾಗಿ ಅದನ್ನು ಕಟ್ಟಿಸಿದರು.) ತಲೆಗೆ ವಿಕಿರಣ, ಬೆನ್ನಿಗೆ ಮೆಥೋಟ್ರೆಕ್ಸೇಟ್. 1960ರ ದಶಕದ ಕೊನೆಯ ಅವರ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಶಾಶ್ವತವಾಗಿ ಗುಣಮುಖರಾದರು. ಆದರೆ ವಿಕಿರಣ ತಾಗಿದ ಎಳೆಯ ಮಿದುಳುಗಳು ಮುಂದೆ ಕಲಿಕೆಯಲ್ಲಿ, ಬೆಳವಣಿಗೆಯಲ್ಲಿ ಬೆಲೆ ತೆತ್ತವು. ಅದೇ ಆಸ್ಪತ್ರೆ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 498 ಮಕ್ಕಳಲ್ಲಿ ಒಬ್ಬರಿಗೂ ಮೊದಲ ಚಿಕಿತ್ಸೆಯಲ್ಲಿ ತಲೆಗೆ ವಿಕಿರಣ ಕೊಡಲಿಲ್ಲ. ಆದರೂ ಐದು ವರ್ಷಗಳ ನಂತರ ನೂರಕ್ಕೆ 93ಕ್ಕೂ ಹೆಚ್ಚು ಮಕ್ಕಳು ಬದುಕಿದ್ದರು. ವಿಕಿರಣ ಹೋದ ಜಾಗದ ಭಾರವನ್ನು ಹೊತ್ತದ್ದು ಬಹುಮಟ್ಟಿಗೆ ಈ ಹಳದಿ ಔಷಧಿ.

ಇಷ್ಟಾದರೂ ನಮ್ಮ ಮಗುವಿನ ಕೈ ಬಿದ್ದದ್ದು ಸುಳ್ಳಲ್ಲವಲ್ಲ. ಅದಕ್ಕೆ ಉತ್ತರ 2014ರ ಇನ್ನೊಂದು ಲೇಖನದಲ್ಲಿತ್ತು. ಅದೇ ಚಿಕಿತ್ಸಾಕ್ರಮದ 369 ಮಕ್ಕಳನ್ನು, ಲಕ್ಷಣವಿರಲಿ ಇಲ್ಲದಿರಲಿ, ಮತ್ತೆ ಮತ್ತೆ ಎಂ.ಆರ್.ಐ. ಮಾಡಿ ನೋಡಿದ್ದರು. ಪಾರ್ಶ್ವವಾಯುವಿನಂತಹ ಬಾಧೆಯೋ, ಫಿಟ್ಸೋ, ಹೊರಗೆ ಕಾಣುವ ನರದ ತೊಂದರೆಯಾದದ್ದು 14 ಮಕ್ಕಳಿಗೆ, ಅಂದರೆ ನೂರಕ್ಕೆ ನಾಲ್ಕರ ಒಳಗೆ. ಹತ್ತು ವರ್ಷ ದಾಟಿದ ಮಕ್ಕಳಿಗೆ ಅಪಾಯ ಹೆಚ್ಚು, ನಮ್ಮವಳಿಗೆ ಹನ್ನೊಂದು. ನನ್ನನ್ನು ಬೆಚ್ಚಿಬೀಳಿಸಿದ ಅಂಶ ಬೇರೆ. ಯಾವ ತೊಂದರೆಯೂ ಕಾಣಿಸದ ಮಕ್ಕಳಲ್ಲಿಯೂ ಐದರಲ್ಲಿ ಒಬ್ಬರ ಮಿದುಳಿನ ಚಿತ್ರದಲ್ಲಿ ಬಿಳಿಯ ಭಾಗದ ಬದಲಾವಣೆ ಇತ್ತು. ಆದರೆ ಲೇಖನದ ಮುಖ್ಯ ಮಾತು ಇದು: ಬಾಧೆ ಬಹುತೇಕ ತಾತ್ಕಾಲಿಕ, ಒಮ್ಮೆ ಬಾಧೆಗೊಳಗಾದ ಹೆಚ್ಚಿನ ಮಕ್ಕಳು ಮತ್ತೆ ಅದೇ ಔಷಧಿಯನ್ನು ಪಡೆದರು, ಬಾಧೆ ಮರುಕಳಿಸಲಿಲ್ಲ. ಆ ಒಂದು ವಾಕ್ಯವನ್ನು ನಾನು ಪೆನ್ಸಿಲಿನಿಂದ ಗೆರೆ ಎಳೆದು ಮಗಳ ಮುಂದಿಟ್ಟೆ. ಅವಳು ಓದಿ, "ಹೆಚ್ಚಿನ ಮಕ್ಕಳು ಅಂದರೆ ಎಲ್ಲರೂ ಅಲ್ಲವಲ್ಲ ಅಪ್ಪಾ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಬಾಧೆ ಏಕಾಗುತ್ತದೆ ಎಂಬುದಕ್ಕೆ ಹಲವು ಎಳೆಗಳಿವೆ. ಫೋಲಿಕ್ ಆಮ್ಲದ ದಾರಿ ಮುಚ್ಚಿದಾಗ ಹೋಮೋಸಿಸ್ಟೀನ್ ಎಂಬ ವಸ್ತು ಕರಗದೆ ಉಳಿದು ಶೇಖರವಾಗುತ್ತದೆ. ಅದು ನರಕೋಶಗಳನ್ನು ಮಿತಿಮೀರಿ ಕೆರಳಿಸುತ್ತದೆ. ಹೀಗೆ ಕೆರಳಿಸುವ ದ್ವಾರವನ್ನು ಮುಚ್ಚಬಲ್ಲ ಔಷಧಿಗಳಲ್ಲಿ ಒಂದು ನಮ್ಮ ಕೆಮ್ಮಿನ ಸಿರಪ್ಪಿನಲ್ಲಿರುವ ಡೆಕ್ಸ್ಟ್ರೋಮೆಥಾರ್ಫನ್! 2002ರಲ್ಲಿ ಅಮೆರಿಕದ ವೈದ್ಯರು ಐದು ರೋಗಿಗಳಿಗೆ ಇದನ್ನು ಕೊಟ್ಟು ಗುಣ ಕಂಡುದಾಗಿ ವರದಿ ಮಾಡಿದರು. ನಮ್ಮ ಮಗುವಿಗೂ ಕೊಟ್ಟಿದ್ದರು. ಆದರೆ ಹೆಚ್ಚಿನ ಮಕ್ಕಳು ಏನೂ ಕೊಡದೆಯೂ ಚೇತರಿಸಿಕೊಳ್ಳುವುದರಿಂದ, ಸಿರಪ್ಪಿಗೆ ಎಷ್ಟು ಕೀರ್ತಿ ಸಲ್ಲಬೇಕೆಂದು ಡಾಕ್ಟರಮ್ಮನೇ ಖಚಿತವಾಗಿ ಹೇಳಲಿಲ್ಲ. ಯಾರೂ ಇದನ್ನು ಓದಿ ಮನೆಯಲ್ಲಿ ಸಿರಪ್ ಕುಡಿಸುವ ಸಾಹಸಕ್ಕೆ ಹೋಗಬಾರದು. ಆಮೇಲೆ, ಔಷಧಿಯ ಪ್ರಮಾಣದ ವಿಚಾರ. ಬೆನ್ನಿಗೆ ಕೊಡುವ ಮೆಥೋಟ್ರೆಕ್ಸೇಟನ್ನು ಮಗುವಿನ ತೂಕ ನೋಡಿ ಅಳೆಯುವುದಿಲ್ಲ, ವಯಸ್ಸು ನೋಡಿ ಅಳೆಯುತ್ತಾರೆ. ಏಕೆಂದರೆ ಮೂರು ವರ್ಷದ ಹೊತ್ತಿಗೇ ಮಿದುಳುಬಳ್ಳಿಯ ದ್ರವದ ಪ್ರಮಾಣ ದೊಡ್ಡವರ ಸಮೀಪಕ್ಕೆ ಬಂದಿರುತ್ತದೆ. 1970ರ ದಶಕದಲ್ಲಿ ಆರ್ಚಿ ಬ್ಲೇಯರ್ ಎಂಬ ವೈದ್ಯರು ಇದನ್ನು ತೋರಿಸುವವರೆಗೆ ದೇಹದ ಗಾತ್ರ ನೋಡಿ ಕೊಡುತ್ತಿದ್ದರು. ದೊಡ್ಡವರಿಗೆ ಹೆಚ್ಚಾಗಿ ನರಬಾಧೆ, ಚಿಕ್ಕವರಿಗೆ ಕಡಿಮೆಯಾಗಿ ರೋಗದ ಮರುಕಳಿಕೆ. ಇಷ್ಟು ಸಣ್ಣ ಲೆಕ್ಕದ ಹಿಂದೆ ಎಷ್ಟು ಮಕ್ಕಳ ನೋವಿದೆಯೋ!

ಸಹಿ ಹಾಕುವ ಹಿಂದಿನ ಸಂಜೆ ಮೊಮ್ಮಗಳು ನನ್ನ ಪಕ್ಕ ಬಂದು ಕುಳಿತಳು. "ತಾತಾ, ಅವತ್ತು ನಾನು ಕೈ ಮೇಲೆ ಮಲಗಿರಲಿಲ್ಲ ಅಲ್ವಾ?" ಎಂದಳು. ಮೂರು ವಾರ ಆ ಪ್ರಶ್ನೆಯನ್ನು ಅವಳು ಒಳಗಿಟ್ಟುಕೊಂಡಿದ್ದಳು. "ಇಲ್ಲ ಕಂದಾ, ನಾನು ಸುಳ್ಳು ಹೇಳಿದೆ. ಹಳದಿ ಔಷಧಿಯಿಂದ ಹಾಗಾಯಿತು" ಎಂದೆ. "ಮತ್ತೆ ಕೊಡ್ತಾರಾ?" "ಕೊಡ್ತಾರೆ." "ಮತ್ತೆ ಕೈ ಹೋಗುತ್ತಾ?" ನಾನು ಓದಿದ್ದನ್ನೆಲ್ಲ ಅವಳಿಗೆ ತಿಳಿಯುವಂತೆ ಹೇಳಿದೆ. ಹೋಗಲಿಕ್ಕಿಲ್ಲ, ಆದರೆ ಹೋಗುವುದೇ ಇಲ್ಲವೆಂದು ಯಾರೂ ಬರೆದುಕೊಡಲಾರರು. ಹೋದರೆ ಏನು ಮಾಡಬೇಕೆಂದು ಈಗ ಎಲ್ಲರಿಗೂ ಗೊತ್ತಿದೆ. ಕೊಡದಿದ್ದರೆ ಕಾಯಿಲೆ ತಲೆಯೊಳಗೆ ಬಂದು ಕೂರಬಹುದು. ಅವಳು ಬಹಳ ಹೊತ್ತು ಸುಮ್ಮನಿದ್ದು, "ಎಷ್ಟು ದಿನ ನೋಡಬೇಕು?" ಎಂದಳು. ಸಾಮಾನ್ಯವಾಗಿ ಬಾಧೆ ಕಾಣಿಸಿಕೊಳ್ಳುವುದು ಸೂಜಿಯಾದ ಎರಡರಿಂದ ಹದಿನಾಲ್ಕು ದಿನಗಳೊಳಗೆ. "ಹದಿನಾಲ್ಕು" ಎಂದೆ. ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ನನ್ನ ಮಗಳು ಮರುದಿನ ಬೆಳಿಗ್ಗೆ ಸಹಿ ಹಾಕಿದಳು.

ಡಿಸೆಂಬರ್‌ನಲ್ಲಿ ಹಳದಿ ಔಷಧಿ ಮತ್ತೆ ಬೆನ್ನಿಗೇರಿತು. ಈ ಸಲ ಅದರ ಜೊತೆ ಫೋಲಿನಿಕ್ ಆಮ್ಲವನ್ನೂ ಕೊಟ್ಟರು; ಮುಚ್ಚಿದ ಬೀಗವನ್ನು ಬಳಸದೆ ಹಿತ್ತಲ ಬಾಗಿಲಿನಿಂದ ಕೋಶಗಳಿಗೆ ಆಹಾರ ಮುಟ್ಟಿಸುವ ಉಪಾಯವದು. ಎರಡು ರೂಲಿನ ಒಂದು ಕಾಪಿ ಪುಸ್ತಕ ತಂದೆ. ಪ್ರತಿ ದಿನ ಎದ್ದೊಡನೆ ಅವಳು ಬಲಗೈಯಿಂದ ಒಂದು ಸಾಲು, ಎಡಗೈಯಿಂದ ಒಂದು ಸಾಲು ತನ್ನ ಹೆಸರು ಬರೆದು, ಗಟ್ಟಿಯಾಗಿ ಓದಬೇಕು. ಎಡಗೈಯ ಅಕ್ಷರ ಕಾಗೆ ಕಾಲಿನಂತಿತ್ತು, ಅದಕ್ಕೆ ಅವಳೇ ನಗುತ್ತಿದ್ದಳು. ಹತ್ತನೆಯ ಬೆಳಿಗ್ಗೆ ನಾವು ಯಾರೂ ಕಾಫಿ ಕುಡಿಯಲಿಲ್ಲ. ಅವಳು ಬರೆದಳು, ಓದಿದಳು, ಗಂಜಿಯ ಲೋಟವನ್ನು ಬೇಕೆಂದೇ ಎಡಗೈಯಲ್ಲಿ ಹಿಡಿದು ಪೂರ್ತಿ ಕುಡಿದು ನನ್ನ ಕೈಗೆ ಕೊಟ್ಟಳು.

ಚಿಕಿತ್ಸೆ 2025ರ ಆರಂಭದಲ್ಲಿ ಮುಗಿಯಿತು. ಪಾರ್ಶ್ವವಾಯು ಮತ್ತೆ ಬರಲಿಲ್ಲ. ಎಲ್ಲವೂ ಮೊದಲಿನಂತಾಯಿತು ಎಂದು ಬರೆದರೆ ಅದು ಇನ್ನೊಂದು ಜೋಮಿನ ಸುಳ್ಳಾದೀತು. ಲೆಕ್ಕದಲ್ಲಿ ಮೊದಲಿನ ಚುರುಕು ಇಲ್ಲ. ಮೂರು ಕೆಲಸ ಒಟ್ಟಿಗೆ ಹೇಳಿದರೆ ಒಂದನ್ನು ಮರೆಯುತ್ತಾಳೆ. ಔಷಧಿ ಮಿದುಳಿನಲ್ಲಿ ಉಳಿಸುವ ಇಂಥ ಮಂಕಿನ ಬೆನ್ನು ಹತ್ತಿದವರೂ ಇದ್ದಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಿಶೆಲ್ ಮೋಂಜೆ ಅವರ ತಂಡ 2018ರ ಕೊನೆಯಲ್ಲಿ ಪ್ರಕಟಿಸಿದ ಇಲಿಗಳ ಅಧ್ಯಯನದಲ್ಲಿ, ಮೆಥೋಟ್ರೆಕ್ಸೇಟ್ ಮಿದುಳಿನ ಕಾವಲು ಕೋಶಗಳನ್ನು ಬಹುಕಾಲ ಕೆರಳಿದ ಸ್ಥಿತಿಯಲ್ಲೇ ಇಡುತ್ತದೆ, ಅದರಿಂದ ನರತಂತುಗಳ ಹೊದಿಕೆ ಹೆಣೆಯುವ ಕೋಶಗಳು ಬಲಿಯುವುದಿಲ್ಲ ಎಂದು ಕಂಡಿತು. ಆ ಕಾವಲು ಕೋಶಗಳನ್ನು ತಗ್ಗಿಸಿದಾಗ ಇಲಿಗಳು ಸುಧಾರಿಸಿದವು. ಇಲಿಗಳಿಂದ ನಮ್ಮ ಮಕ್ಕಳವರೆಗಿನ ದಾರಿ ದೂರ. ನಾನು ಕಾಯುತ್ತೇನೆ, ಅಷ್ಟರಲ್ಲಿ ಮಗ್ಗಿ ಹೇಳಿಸುತ್ತೇನೆ.

ಆ ಕಾಪಿ ಪುಸ್ತಕದಲ್ಲಿ ಇನ್ನೂ ಅರ್ಧ ಪುಟಗಳು ಖಾಲಿ ಇದ್ದವು. ಈಗ ಅದರಲ್ಲೇ ಅವಳು ಬೀಜಗಣಿತ ಮಾಡುತ್ತಾಳೆ. ಕೆಲವೊಮ್ಮೆ, ನಾನು ನೋಡುತ್ತಿಲ್ಲವೆಂದುಕೊಂಡು, ಪೆನ್ನನ್ನು ಎಡಗೈಗೆ ಬದಲಿಸಿ ಪುಟದ ಅಂಚಿನಲ್ಲಿ ತನ್ನ ಹೆಸರನ್ನು ಒಮ್ಮೆ ಬರೆದು ನೋಡುತ್ತಾಳೆ.